ಬಾಟಲಿ ನೀರಲ್ಲಿ ನೆನೆದ ಗೋಲಿಗಳು

ಬ್ರೂಮ್‌ಹಿಲ್, ಶೆಫೀಲ್ಡ್
೧೬ ಏಪ್ರಿಲ್ ೨೦೨೫, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಕಾಗದ ನೋಡಿ ಗಾಬರಿಯಾಗಬೇಡಿ. ನಾವು ಮೂವರೂ ಚೆನ್ನಾಗಿದ್ದೇವೆ. ಅಂದರೆ, ಚೈತನ್ಯಾ ಚೆನ್ನಾಗಿದ್ದಾಳೆ, ಗುರುಕಿರಣ್ ಆಸ್ಪತ್ರೆ ಡ್ಯೂಟಿಯಿಂದ ಮನೆಗೆ ಬಂದಷ್ಟು ಹೊತ್ತು ಚೆನ್ನಾಗಿರುತ್ತಾರೆ. ವಿಡಿಯೋ ಕಾಲ್‌ನಲ್ಲಿ ಅಮ್ಮ ನಿಮ್ಮ ಪಕ್ಕದಲ್ಲೇ ಕೂತು ನಿಮ್ಮ ಉತ್ತರಗಳನ್ನೂ ತಾನೇ ಹೇಳಿಬಿಡುತ್ತಾಳಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಗು ಮಲಗಿದೆ. ನಾನೂ ಮಲಗಬೇಕಿತ್ತು.

ನೀವು ಚೈತನ್ಯಾಳಿಗೆ ಕೊಟ್ಟ ಉಕ್ಕಿನ ಗೋಲಿಗಳನ್ನು ಹಾಳು ಮಾಡಿದ್ದೇನೆ, ಅಪ್ಪಾ.

ಯುಗಾದಿಯ ದಿನ ಫೋನಿನಲ್ಲಿ ತೋರಿಸಿದ್ದು ನಿಮ್ಮವಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಹೊಸ ಬೇರಿಂಗ್ ಗುಂಡುಗಳು. ಡಬ್ಬಿ ಮಾತ್ರ ನಿಮ್ಮದು. ನೀವು ಕನ್ನಡಕ ಹಣೆಗೇರಿಸಿ, ಫೋನಿಗೆ ಮುಖ ಹತ್ತಿರ ತಂದು, "ಚೆನ್ನಾಗಿ ಹೊಳೀತಿವೆ ಕಣಮ್ಮ" ಅಂದಿರಿ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಬೇರಿಂಗ್ ಬಿಚ್ಚಿದವರು ನೀವು. ಹಳೇ ಗುಂಡು ಹಾಗೆ ಹೊಳೆಯುವುದಿಲ್ಲ ಅಂತ ನಿಮಗೆ ಗೊತ್ತಾಗದೇ ಇರುತ್ತದೆಯೇ? ಬೈದಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು.

ಜನವರಿಯಲ್ಲಿ ಇಲ್ಲಿಂದ ಊರಿಗೆ ಹೊರಡುವ ಮುಂಚೆ ನೀವು ಚೈತನ್ಯಾಳ ಅಂಗೈ ಬಿಡಿಸಿ, ಡಬ್ಬಿಯಲ್ಲಿದ್ದ ಒಂದೇ ಒಂದು ಟೊಳ್ಳು ಗೋಲಿಯನ್ನು ಉರುಳಿಸಿದಿರಿ. "ಗಟ್ಟಿ ಗುಂಡು ಯಂತ್ರದ್ದು ಕಣೇ, ನಾವು ಕದ್ದು ಆಡ್ತಿದ್ವಿ. ಇದು ಹಾಗಲ್ಲ. ತಗಡು ಮಡಚಿ ಆಟಕ್ಕೇ ಅಂತ ಮಾಡಿರೋದು" ಅಂತ, ಮಡಿಕೆಗಳು ಕೂಡಿದ ಕಡೆಯ ಅಡ್ಡಗೆರೆ-ಉದ್ದಗೆರೆ ತೋರಿಸಿದಿರಿ. ಏಳು ತಿಂಗಳ ಕೂಸಿಗೆ! ಐದು ವರ್ಷ ತುಂಬುವವರೆಗೂ ಮೇಲಿನ ಶೆಲ್ಫಿನಲ್ಲಿರಲಿ ಅಂದಿರಿ.

ನೀವು ವಿಮಾನ ಹತ್ತಿದ ಮೇಲೆ ನನಗೆ ಡಿಪೋದ ಗ್ರೀಸು ನೆನಪಾಯಿತು. ಆಮೇಲೆ ಆ ಗೋಲಿಗಳನ್ನು ಮುಟ್ಟಿದ ಕೈಗಳೆಲ್ಲ ನೆನಪಾದವು, ನಾನು ಕಾಣದ ಕೈಗಳೂ. ಮಗುವಿನ ಹಾಲಿನ ಬಾಟಲಿ ನೆನೆಸುವ ಸ್ಟೆರಿಲೈಸರ್ ತೊಟ್ಟಿಗೆ ಎಲ್ಲವನ್ನೂ ಹಾಕಿದೆ. ಒಂದು ಕ್ಲೋರಿನ್ ಮಾತ್ರೆ ಸಾಲದೇನೋ ಅಂತ ನಾಲ್ಕು ಹಾಕಿದೆ. ಒಂದು ರಾತ್ರಿ ಸಾಲದೇನೋ ಅಂತ ಎರಡು ದಿನ ಬಿಟ್ಟೆ. ತೆಗೆದಾಗ ನೀರು ಚಹಾದ ಬಣ್ಣ. ಮೆಟಲರ್ಜಿ ಓದಿದವಳು ಅಪ್ಪಾ, ನಾನು! ತುಕ್ಕಿನ ಪೇಪರಿನಲ್ಲಿ ಎಂಬತ್ತೊಂಬತ್ತು ಅಂಕ ಬಂತು ಅಂತ ನೀವು ಡಿಪೋಗೆಲ್ಲ ಮೈಸೂರುಪಾಕು ಹಂಚಿದ್ದಿರಿ. ಕ್ಲೋರಿನ್ ಉಕ್ಕಿಗೆ ಏನು ಮಾಡುತ್ತದೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ನಿದ್ದೆ ಬಂದರೆ.

ಕಳೆದ ವಾರ ಅವನ್ನು ಗುರುಕಿರಣ್ ಕಾಲುಚೀಲದಲ್ಲಿ ಬಚ್ಚಿಟ್ಟುಕೊಂಡು ಪಕ್ಕದ ಮನೆಯ ಕ್ಲಿಫ್ ಹತ್ತಿರ ಹೋದೆ. ಇಲ್ಲಿನ ಉಕ್ಕಿನ ಗಿರಣಿಯಲ್ಲಿ ದುಡಿದ ಮುದುಕರು. ಅವರ ಬೀರುವಿನಲ್ಲೂ ಬಟ್ಟೆಗಿಂತ ಗೋಲಿಗಳೇ ಜಾಸ್ತಿ. ನಿಮ್ಮ ಹಾಗೇ ಒಂದೊಂದನ್ನೂ ಅಂಗೈಯಲ್ಲಿ ತೂಗಿ ನೋಡಿದರು. ಗಟ್ಟಿಯವಕ್ಕೆ ಎಣ್ಣೆ ಒರೆಸಬಹುದಂತೆ, ಕಲೆ ಹೋಗುವುದಿಲ್ಲವಂತೆ. ಟೊಳ್ಳು ಗೋಲಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ತುಕ್ಕಿನ ಪುಡಿ ಮರಳಿನಂತೆ ಸದ್ದು ಮಾಡಿತು. "ಮುಳುಗಿಸಿಬಿಟ್ಟೆಯಲ್ಲ, ಲವ್" ಅಂದರು. ಇಲ್ಲಿ ಮುದುಕರು ಎಲ್ಲರನ್ನೂ ಲವ್ ಅಂತಲೇ ಕರೆಯೋದು, ಅಮ್ಮನಿಗೆ ಹೇಳಬೇಡಿ. ನಾನು ಮರಳುಕಾಗದದಲ್ಲಿ ಉಜ್ಜಲಾ ಅಂತ ಕೇಳಿದ್ದಕ್ಕೆ ಗದರಿಕೊಂಡರು. ಉಜ್ಜಿದರೆ ಆ ಗೆರೆಗಳು ಹೋಗುತ್ತವೆ, ಆಮೇಲೆ ಅದು ಆಟದ್ದು ಅಂತ ಯಾರಿಗೂ ಗೊತ್ತಾಗೋದಿಲ್ಲ ಅಂತ.

ಆಮೇಲೆ ಕೆಟಲ್ ಹಚ್ಚಿ, ನನ್ನ ಕಡೆ ತಿರುಗದೆಯೇ, ದಿನಕ್ಕೆ ಎಷ್ಟು ಸಲ ಬಾಟಲಿ ತೊಳೀತೀಯಾ ಅಂತ ಕೇಳಿದರು. ನಾಲ್ಕು ಅಂದೆ. ಅವರು ನನ್ನ ಕೈ ನೋಡಿದರು. ಬೆರಳ ಸಂದೆಲ್ಲ ಒಡೆದಿದೆ ಅಪ್ಪಾ, ಅದಕ್ಕೇ ನಾನು ಕಾಲ್‌ನಲ್ಲಿ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿಡುವುದು. ಹದಿನೈದು ಅಂದೆ. ಮೊದಲ ಮಗು ಹುಟ್ಟಿದಾಗ ತಮ್ಮ ಹೆಂಡತಿ ದಿನವಿಡೀ ಬಾಗಿಲ ಹಿಡಿಗಳನ್ನು ಒರೆಸುತ್ತಿದ್ದಳು, ಮನೆಯವರೆಲ್ಲ ಎಷ್ಟು ಅಚ್ಚುಕಟ್ಟಿನವಳು ಅಂತ ಹೊಗಳುತ್ತಿದ್ದೆವು ಅಂದರು. ಅಷ್ಟೇ ಹೇಳಿದ್ದು.

ನಾನು ಅವರ ಅಡುಗೆಮನೆಯಿಂದಲೇ ಜಿಪಿಗೆ, ಅಂದರೆ ಇಲ್ಲಿನ ಮನೆ ಡಾಕ್ಟರಿಗೆ, ಫೋನ್ ಮಾಡಿದೆ, ಕೈಗಲ್ಲ, ಈ ತೊಳೆಯುವ ಹುಚ್ಚಿಗೆ. ನಾಳೆ ಅಪಾಯಿಂಟ್‌ಮೆಂಟ್. ಗುರುಕಿರಣ್‌ಗೂ ಹೇಳಿದೆ. ಡಾಕ್ಟರಾಗಿ ನನಗೇ ಕಾಣಲಿಲ್ಲವಲ್ಲ ಅಂತ ಅತ್ತರು, ಪಾಪ. ನಾನು ಸಮಾಧಾನ ಮಾಡಬೇಕಾಯಿತು.

ಗೋಲಿಗಳನ್ನು ಈಗ ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಚೈತನ್ಯಾ ಎದ್ದಳು, ಕೂಗುತ್ತಿದ್ದಾಳೆ. ಬೈಯುವುದಿದ್ದರೆ ಪೂರ್ತಿ ಬೈದುಬಿಡಿ, ಹೊಳೀತಿವೆ ಅಂತ ಮಾತ್ರ ಇನ್ನೊಮ್ಮೆ ಹೇಳಬೇಡಿ.

ನಿಮ್ಮ ಮಗಳು,
ಯಾಮಿನಿ

ತಾಜಾ ಕಲಂ: ಗುರುಕಿರಣ್ ಡ್ಯೂಟಿ ರೋಟಾ ಸರಿಯಿಲ್ಲ, ಮೇ ತಿಂಗಳಲ್ಲಿ ಬರಬೇಡಿ ಅಂತ ಅಮ್ಮನಿಗೆ ಹೇಳಿದ್ದು ಸುಳ್ಳು. ರೋಟಾ ಸರಿಯಾಗೇ ಇದೆ. ಬಂದರೆ ಅವಳನ್ನೂ ಕೈ ತೊಳೆದು ಬಾ, ಇನ್ನೊಮ್ಮೆ ತೊಳೆದು ಬಾ ಅಂತ ಕಳಿಸಿಬಿಡುತ್ತೇನೇನೋ ಅಂತ ಹೆದರಿದ್ದೆ. ಈಗಲೂ ಹೆದರಿಕೆ ಇದೆ. ಆದರೂ ಕರೆದುಕೊಂಡು ಬನ್ನಿ.