ತೀರ್ಥ ಬರುವ ತನಕ

ವೆಸ್ಟ್ ಮಾಂಬಲಂ, ಚೆನ್ನೈ
14-7-2025

ಸುಜಯೀಂದ್ರ ಅವರಿಗೆ ತೃಪ್ತಿಯ ನಮಸ್ಕಾರ.

ಫೋನು ಮಾಡಿದರೆ ಕಾಲೇಜಿನ ತತ್ತ್ವಶಾಸ್ತ್ರದ ಪಾಠ ನನಗೂ ಶುರು ಮಾಡುತ್ತೀರಿ, ಅದಕ್ಕೇ ಕಾಗದ. ಇದರ ಮಧ್ಯೆ ನಿಮಗೆ ಬಾಯಿ ಹಾಕಲಾಗುವುದಿಲ್ಲ. ಶೋಳಿಂಗನಲ್ಲೂರಿನಲ್ಲಿ ಊಟಕ್ಕೆ ಏನು ಮಾಡಿಕೊಳ್ಳುತ್ತಿದ್ದೀರಿ? ಕೇಳಬಾರದೆಂದುಕೊಂಡಿದ್ದೆ, ಕೇಳಿಬಿಟ್ಟೆ.

ಅತ್ತೆಗೆ ಮರೆವು ಹೆಚ್ಚಾಗಿದ್ದು ನಿಜ. ಗ್ಯಾಸ್ ಹಚ್ಚಿಟ್ಟು ಸ್ಟೇಷನ್ ಕಡೆ ಹೊರಟುಹೋದದ್ದೂ ನಿಜ. ಆದರೆ ನಾನು ಆಫೀಸಿಗೆ ಹೋಗಿದ್ದಾಗ ನೀವು, ಮಠದಲ್ಲಿ ತೀರ್ಥ ಕೊಡಿಸುತ್ತೇನೆ ಬಾಮ್ಮ ಎಂದು ಕರೆದಿರಿ. ಪಾಪ, ಅವರು ಸಂಭ್ರಮದಿಂದ ಕಚ್ಚೆ ಸೀರೆ ಉಟ್ಟು ಕಾರು ಹತ್ತಿದರಂತೆ. ನೀವು ಪೆರಂಬೂರಿನ ವೃದ್ಧಾಶ್ರಮದಲ್ಲಿ ಇಳಿಸಿ ಬಂದಿರಿ.

ಅದು ತಪ್ಪು ಎಂದೆ. ನೀವು ಕೂಗಾಡಲಿಲ್ಲ. ಆ ಮಾತು ನಿಜವೂ ಅಲ್ಲ ಸುಳ್ಳೂ ಅಲ್ಲ, ಕಾಲಿಗೆ ಕಲ್ಲು ತಗುಲಿದಾಗ ಅಯ್ಯೋ ಎನ್ನುವ ಹಾಗೆ ನಿನ್ನ ಸಂಕಟದ ಸದ್ದು ಅಷ್ಟೇ ಎಂದಿರಿ. ಇಲ್ಲವೇ ನೀನು ನನಗೆ ಅಪ್ಪಣೆ ಕೊಡುವ ಒಂದು ರೀತಿ ಎಂದಿರಿ. ಹೆಚ್ಚೆಂದರೆ ನಮ್ಮ ಜನ ಒಪ್ಪಿಕೊಂಡು ಬಂದ ಕಟ್ಟಳೆ. ನಾನು ಅಳುತ್ತಾ ನಿಂತಿದ್ದರೂ ಬೋರ್ಡಿನ ಮೇಲೆ ಬರೆದ ಹಾಗೆ ಒಂದೊಂದಾಗಿ ವಿವರಿಸಿದಿರಿ. ಆ ವಾರವೇ ಶೋಳಿಂಗನಲ್ಲೂರಿನಲ್ಲಿ ಬೇರೆ ಮನೆ ಮಾಡಿದಿರಿ.

ನೀವು ಅತ್ತೆಯನ್ನು ಬಿಟ್ಟು ಬಂದ ಮಾರನೆಯ ದಿನವೇ ಆಶ್ರಮದ ನರ್ಸ್ ಫೋನು ಮಾಡಿದ್ದಳು. 'ಪಾಟಿ ಸಾಪ್ಪಿಡಲೆ ಮಾ' ಎಂದಳು, ಅಜ್ಜಿ ಊಟ ಮಾಡಲಿಲ್ಲವಂತೆ. ಹೇಗೆ ಊಟ ಮಾಡುತ್ತಾರೆ? ತೀರ್ಥ ತೆಗೆದುಕೊಳ್ಳದೆ ಅತ್ತೆ ಎಂದಾದರೂ ಅನ್ನ ಮುಟ್ಟಿದ್ದಾರೆಯೇ? ನಾನು ಹೋದಾಗ ಅಂಗೈ ಗುಳಿ ಮಾಡಿಕೊಂಡು ಕೂತಿದ್ದರು. ಮನೆಯಲ್ಲಿ ಪೂಜೆ ಮಾಡುತ್ತಿದ್ದವರು ನೀವು. ಈಗ ಮಠದಲ್ಲಿ ತೀರ್ಥ ಇಸಿದುಕೊಂಡು, ಎರಡು ರೈಲು ಹಿಡಿದು ಒಯ್ಯುತ್ತೇನೆ. ಆ ನೂಕುನುಗ್ಗಲಿನಲ್ಲಿ ಬಂದ ತೀರ್ಥಕ್ಕೆ ಎಲ್ಲಿಯ ಮಡಿ? ಅದನ್ನು ಅವರಿಗೆ ಹೇಳುವುದಿಲ್ಲ.

ರೈಲಿನಲ್ಲಿ ನಿಮ್ಮ ಮಾತನ್ನೇ ಯೋಚಿಸುತ್ತೇನೆ. ಹೋದ ಭಾನುವಾರ ತಿರುಗಾಟದಿಂದ ಸುಸ್ತಾಗಿತ್ತು. ಅತ್ತೆ ಮನೆಯಲ್ಲಿಲ್ಲದ್ದು ಎಷ್ಟು ಹಾಯಾಗಿದೆ ಎನಿಸಿ ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡಿದೆ. ಆಗ ನನ್ನೊಳಗೆ ಸಂಕಟ ಇರಲಿಲ್ಲ, ಸದ್ದೂ ಇರಲಿಲ್ಲ. ತಪ್ಪು ಮಾತ್ರ ಇದ್ದಲ್ಲೇ ಇತ್ತು, ಪೆರಂಬೂರಿನಲ್ಲಿ ಕೈಯೊಡ್ಡಿಕೊಂಡು. ಇದಕ್ಕೆ ನಿಮ್ಮ ಯಾವ ವಾದದಲ್ಲಿ ಉತ್ತರವಿದೆಯೋ ನನಗೆ ತಿಳಿಯದು.

ಸೇರಿಸಿದವರು ನೀವಾದ್ದರಿಂದ ನಿಮ್ಮ ಸಹಿ ಇಲ್ಲದೆ ಆಶ್ರಮದವರು ಅತ್ತೆಯನ್ನು ನನ್ನ ಜೊತೆ ಕಳಿಸುವುದಿಲ್ಲವಂತೆ. ಹಗಲು ನೋಡಿಕೊಳ್ಳಲು ಕೆಳಗಿನ ಮನೆಯ ಜಲಜಾಕ್ಷಮ್ಮ ಒಪ್ಪಿದ್ದಾರೆ. ನನ್ನ ಜೊತೆ ಬಾಳುವುದು ನಿಮಗೆ ಬೇಡವಾಗಿದ್ದರೆ ಬೇಡ. ನನಗೆ ಎದೆ ಒಡೆದ ಹಾಗಾಗಿದೆ, ಅದೂ ಇರಲಿ. ಬಂದು ಸಹಿ ಹಾಕಿ.

ಇನ್ನೂ ನಿಮ್ಮವಳೇ ಆದ,
ತೃಪ್ತಿ

ತಾ.ಕ.: ಒಂದು ವಿಷಯ ಬರೆಯದೇ ಬಿಟ್ಟಿದ್ದೆ. ಮೊದಲ ದಿನ ಅತ್ತೆ ನನ್ನ ಕೈಯಿಂದ ತೀರ್ಥ ತೆಗೆದುಕೊಳ್ಳಲಿಲ್ಲ. 'ಸುಜಯ ಕೊಡಿಸ್ತೀನಿ ಅಂದಿದಾನೆ ಕಣೇ, ಬರ್ಲಿ' ಎಂದು ಕೈ ಹಿಂದೆ ತೆಗೆದರು. ಅವರೇ ತಂದದ್ದು ಅತ್ತೆ, ಕಾರು ನಿಲ್ಲಿಸಿ ಬರುತ್ತಿದ್ದಾರೆ ಎಂದೆ. ತೆಗೆದುಕೊಂಡರು. ಊಟ ಮಾಡಿದರು. ಅಂದಿನಿಂದ ದಿನವೂ ಅದನ್ನೇ ಹೇಳುತ್ತಿದ್ದೇನೆ, ಅವರು ದಿನವೂ ಬಾಗಿಲು ನೋಡುತ್ತಾ ಉಣ್ಣುತ್ತಾರೆ. ಇದೂ ತಪ್ಪೇ, ನನಗೆ ಗೊತ್ತು. ಒಂದು ದಿನವಾದರೂ ಬಂದು ನಿಜ ಮಾಡಿ.