ಘಾಟಿ ಕಚೇರಿಯಲ್ಲಿ ಇಬ್ಬರ ಹಾಜರಿ

ನವೆಂಬರ್ 16, 2020, ಸೋಮವಾರ

ಬಸಿರಿಗೆ ಇಪ್ಪತ್ತೆರಡನೇ ವಾರ. ಜ್ವರ ಇಲ್ಲ. ಅಡುಗೆಮನೆ ಮೇಜಿನ ಈ ತುದಿ ನನ್ನ ಆಫೀಸು, ಆ ತುದಿ ಗಂಡ ಕುಬಾನ್‌ನ ಶಾಲೆ. ಫೋನಿನಲ್ಲೇ ಏಳನೇ ತರಗತಿಗೆ ವಿಜ್ಞಾನದ ಪಾಠ. "ಯಾರದದು ಮೈಕ್? ಕುರಿ ಕೂಗ್ತಿದೆ ನೋಡು!"

ಎಂಟಕ್ಕೆ ಆಫೀಸಿನಿಂದ ಮೇದೇರ್ ಕರೆ. ಅಕ್-ಬೆಲ್ ಘಾಟಿಯ ಹಿಮದ ಅಳತೆ ಒಂದೊಂದಾಗಿ ಓದಿದ. ಬರೆದುಕೊಂಡೆ. ಹನ್ನೊಂದನೇ ಇಳಿಜಾರು, 47 ಸೆಂಟಿಮೀಟರ್. ನಿನ್ನೆ 71 ಇತ್ತಲ್ಲ? ಮತ್ತೆ ಕೇಳಿದೆ.

"ಎಪ್ಪತ್ನಾಲ್ಕು ಅಕ್ಕಾ, ಎಪ್ಪತ್ನಾಲ್ಕು! ಲೈನ್ ಗೊರಗೊರ ಅಂತಿದೆ."

47 ಹೊಡೆದು 74 ಬರೆದೆ. ಹಿಮ ಯಾವಾಗ ಕುಸಿಯುತ್ತದೆಂದು ಹೇಳುವುದು ನಮ್ಮ ಕೆಲಸ. ಆ ತಪ್ಪೊಂದಕ್ಕೆ ಒಂದು ಬಸ್ಸು ಹೂತುಹೋಗಬಹುದು.

ಮಧ್ಯಾಹ್ನ ಮುಖ್ಯಸ್ಥರ ಫೋನ್. ಎಲ್ಲರಿಗೂ ಹಿರಿಯಣ್ಣ, ಶಾಯ್ಲೋಬೆಕ್ ಬೈಕೆ ಸುತ್ತಿ ಬಳಸಿ ಮಾತಾಡುವವರಲ್ಲ. "ಸೈಕಾಲ್, ಸೀಸನ್ ಶುರುವಾಯ್ತು. ಕೊರೋನಾ ಅಂತ ಅಡುಗೆಮನೇಲಿ ಕೂತು ಘಾಟಿ ಕಾಯೋಕಾಗಲ್ಲ. ಬರೋದಾದ್ರೆ 'ನನ್ನ ಜವಾಬ್ದಾರಿ ಮೇಲೆ ಬರ್ತಿದೀನಿ' ಅಂತ ಬರ್ಕೊಟ್ಟು ಬಾ. ಇಲ್ಲಾಂದ್ರೆ ರಜೆ ಹಾಕು. ಬಿಷ್ಕೆಕ್‌ನಿಂದ ಬೇರೆಯವರನ್ನ ಕಳಿಸ್ತಾರೆ."

ಬೇರೆಯವರು! ಆಫೀಸಿನ ಬೀರುವಿನಲ್ಲಿ ಹನ್ನೆರಡು ಚಳಿಗಾಲಗಳು ನನ್ನ ಕೈಬರಹದಲ್ಲಿ ಕೂತಿವೆ.

ನವೆಂಬರ್ 17

ಡಾಕ್ಟರ್ ಗುಲ್‌ಸಾನಾ. ಮಗುವಿನ ಎದೆಬಡಿತ ಕೇಳಿಸಿದರು. ಆರು ವರ್ಷ ಕಾದ ಸದ್ದು... ಇನ್ನೆರಡು ನಿಮಿಷ ಕೇಳಬೇಕಿತ್ತು.

ಆಫೀಸಿನ ವಿಷಯ ಹೇಳಿದೆ. ಮುಖದ ಪ್ಲಾಸ್ಟಿಕ್ ಪರದೆಯೊಳಗಿಂದ ಕೂಗಿ ಕೂಗಿ ಕೇಳಿದರು. "ಹೋಗ್ಬೇಡ ಅನ್ನೋದು ನಂಗೆ ಸುಲಭ. ಮೊದ್ಲು ಇದು ಹೇಳು. ರೂಮಲ್ಲಿ ಎಷ್ಟು ಜನ? ಕಿಟಕಿ ತೆಗೀತೀರಾ? ಊಟ ಎಲ್ಲಿ? ಹೋಗೋದು ಯಾತರಲ್ಲಿ?"

ಒಂದಕ್ಕೂ ಸರಿಯಾದ ಉತ್ತರ ಇರಲಿಲ್ಲ. ಬೆಟ್ಟವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುವವಳು ನಾನು ಕೂರುವ ಕೋಣೆ ಅಳೆದಿಲ್ಲ. ನಾಚಿಕೆಯಾಯಿತು.

ನವೆಂಬರ್ 18

ಮೇದೇರ್‌ನಿಂದ ಅಳೆಸಿದೆ. ಆರು ಮೀಟರ್, ಐದು ಮೀಟರ್. ಮೂರು ಕಿಟಕಿ. ಮೂರೂ ಚಳಿಗೆ ಕಾಗದದ ಪಟ್ಟಿ ಅಂಟಿಸಿ ಮುಚ್ಚಿವೆ. "ಪರದೆಗೂ ಅಳತೆ ತಗೊಳ್ಲಾ, ಆರೋಗ್ಯ ಮಂತ್ರಿಗಳೇ?" ಅಂದ. ನಗಲಿ.

ಸಂಜೆ ಚಹಾದ ಹೊತ್ತಿಗೆ ಅತ್ತೆಗೆ, ನಮ್ಮ ಅಪಾಗೆ, ಆಫೀಸಿಗೆ ಹೋಗುವ ವಿಷಯ ಹೇಳಿದೆ. ಅತ್ತೆ ಬಟ್ಟಲು ಕೆಳಗಿಟ್ಟರು. ಕುಬಾನ್ ಚಾವಣಿ ನೋಡಿದ.

"ಜುಲೈಯಲ್ಲಿ ನನ್ನ ತಮ್ಮ ಉಸಿರು ಸಿಗದೆ ಹೋದ. ಅವನ ಗೋರಿ ಮಣ್ಣು ಇನ್ನೂ ಕೂತಿಲ್ಲ. ನೀನು ಹೊಟ್ಟೆ ಹೊತ್ಕೊಂಡು ನಾಲ್ಕು ಜನರ ಉಸಿರಿನ ಮಧ್ಯೆ ಹೋಗ್ತೀಯಾ?"

"ಅಪಾ, ಅವರ ಉಸಿರು ನನ್ನ ಹತ್ರ ಬರದ ಹಾಗೆ ಮಾಡ್ಕೊಂಡೇ ಹೋಗೋದು."

"ಉಸಿರಿಗೇನು ಕಡಿವಾಣ ಹಾಕ್ತೀಯಾ? ಕುದುರೆನಾ ಅದು?"

ಅಪಾ ಎದ್ದು ಹೋದರು. ಊಟಕ್ಕೂ ಬರಲಿಲ್ಲ.

ನವೆಂಬರ್ 20

ಆ ಒಂದು ಸಾಲು ಬರೆದುಕೊಡಲಿಲ್ಲ. ಬದಲಿಗೆ ಎರಡು ಪುಟ ಬರೆದೆ. ನಾಲ್ಕೇ ಜನ ನಾವು. ಇಬ್ಬಿಬ್ಬರ ಎರಡು ಪಾಳಿ, ಒಂದು ಪಾಳಿ ಇನ್ನೊಂದರ ಮುಖ ನೋಡಕೂಡದು, ಕೆಲಸ ಒಪ್ಪಿಸುವುದು ಫೋನಿನಲ್ಲಿ. ಗಂಟೆಗೆ ಹತ್ತು ನಿಮಿಷ ಕಿಟಕಿ ತೆರೆದಿರಬೇಕು. ಒಳಗೆ ಮಾಸ್ಕ್. ಊಟ ಒಬ್ಬೊಬ್ಬರಾಗಿ. ಕೆಮ್ಮು ಬಂದವರು ಮನೆಯಲ್ಲಿ. ಹಾಜರಿಯಲ್ಲಿ ಗೈರು ಬರೆಯುವಂತಿಲ್ಲ. ನಾನು ತುಂಬಿದ ವ್ಯಾನಿನಲ್ಲಿ ಬರುವುದಿಲ್ಲ, ಆಫೀಸಿನ ಜೀಪು ಬರಬೇಕು. ಕೊನೆಗೆ ಬರೆದೆ: ಜವಾಬ್ದಾರಿ ಇಬ್ಬರದೂ — ನನ್ನದು ಮತ್ತು ಕಚೇರಿಯದು.

ಮೂರು ಸಲ ಹರಿದು ನಾಲ್ಕನೇ ಸಲ ಕಳಿಸಿದೆ.

ನವೆಂಬರ್ 23

ಮೂರು ದಿನ ಸುದ್ದಿಯಿಲ್ಲ. ಇವತ್ತು ಬೈಕೆಯ ಫೋನ್.

"ಇದೇನು, ನನಗೇ ಆಜ್ಞೆ ಹೊರಡಿಸಿದೀಯಾ?"

"ಬೈಕೆ, ಒಬ್ಬರಿಗೆ ಬಂದು ನಾಲ್ಕೂ ಜನ ಮಲಗಿದ್ರೆ ಘಾಟಿ ಯಾರು ನೋಡ್ತಾರೆ? ಇದು ನನ್ನ ಹೊಟ್ಟೆಗೆ ಮಾತ್ರ ಅಲ್ಲ."

ಪುಟ ಮಗುಚಿದ ಸದ್ದು. ಆಮೇಲೆ, "ನಿನ್ನ ಪಾಳೀಲಿ ರೇಡಿಯೋಗೆ ಯಾರು ಕೂರೋದು? ರೈಸಾ ಪೆಟ್ರೋವ್ನಾ ಒಬ್ಬಳೇ ಇರೋದು. ಅವಳು ಮೇದೇರ್ ಜತೆ."

"ನೀವು."

"ನಾನಾ?!"

"ಹಳೇ ಕಾಲದಲ್ಲಿ ಮಾಡ್ತಿದ್ರಂತಲ್ಲ."

ಬೈದರು. ಬೈದು, "ಗುರುವಾರ ಎಂಟಕ್ಕೆ ಜೀಪು ಬರುತ್ತೆ," ಅಂದರು.

ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದೆ. ಏಳನೇ ತರಗತಿಯವರೆಲ್ಲ ಫೋನಿನಲ್ಲಿ ನೋಡಿದರಂತೆ.

ನವೆಂಬರ್ 26, ಗುರುವಾರ

ಮೊದಲ ದಿನ. ನನ್ನ ಕುರ್ಚಿ. ನನ್ನ ನಕ್ಷೆ. ಗೋಡೆಯ ಮೇಲೆ ನನ್ನ ಹನ್ನೊಂದನೇ ಇಳಿಜಾರು — ಕೆಂಪು ಗೆರೆ ಎಳೆದದ್ದು ನಾನೇ. ಇಲ್ಲಿಗೆ ಬಂದು ಎಂಟು ತಿಂಗಳಾಗಿತ್ತು. ಮುಟ್ಟಿ ನೋಡಿದೆ.

ಕಿಟಕಿ ಮಾತ್ರ ತೆರೆದಿಲ್ಲ. ಬೈಕೆ ಮಾಸ್ಕ್ ಹಾಕಿಕೊಂಡರು, ದೂರ ಕೂತರು, ಕಿಟಕಿ ಅಂದರೆ ಮಾತ್ರ ಕಿವುಡು. "ಹೊರಗೆ ಮೈನಸ್ ಹದಿನಾರು. ಅಂಟಿಸಿದ್ದನ್ನ ಕಿತ್ರೆ ಮಾರ್ಚ್‌ವರೆಗೆ ನಡುಗ್ಬೇಕು." ಹಾಗಾದರೆ ನಾನು ಹೊರಗೆ ಕೂರುತ್ತೇನೆ ಅಂದೆ. ಕುರ್ಚಿ ಎತ್ತಿಕೊಂಡು ಹೋಗಿ ಪಡಸಾಲೆಯಲ್ಲೇ ಕೂತೆ, ಸಂಜೆಯವರೆಗೆ. ನಕ್ಷೆ ಮಡಿಲಲ್ಲಿ. ಹಟ ಇಬ್ಬರಿಗೂ.

ಮನೆಗೆ ಬಂದಾಗ ಕಾಲು ಮಂಜುಗಡ್ಡೆ. ಅಪಾ ಬಿಸಿನೀರಿನ ಬೋಗುಣಿ ತಂದಿಟ್ಟರು. "ಎಲ್ಲಿ ಕೂತಿದ್ದೆ?" ಅಂತ ಕೇಳಿದ್ದು ಅದೊಂದೇ. ಹೇಳಿದೆ.

ನವೆಂಬರ್ 27

ಬರೆಯುತ್ತಾ ನಗು ಬರುತ್ತಿದೆ.

ಹತ್ತು ಗಂಟೆಗೆ ಆಫೀಸಿನ ಬಾಗಿಲಲ್ಲಿ ಅಪಾ! ಬಿಳಿ ತಲೆವಸ್ತ್ರ, ಮಾಸ್ಕ್, ಕೈಯಲ್ಲಿ ಕಬ್ಬಿಣದ ಬಾಣಲೆ. ಬಾಣಲೆಯಲ್ಲಿ ಒಣಗಿದ ಅರ್ಚಾ ಮರದ ಸೊಪ್ಪು, ಕೆಂಡದ ಮೇಲೆ. ಮನೆಯಲ್ಲಿ ದೃಷ್ಟಿ ತೆಗೆಯಲು ಹಾಕುವ ಹೊಗೆ.

"ನನ್ನ ಸೊಸೆ ಕೂರೋ ಜಾಗ ನಾನು ನೋಡ್ಬೇಕು," ಅಂದರು. ನನ್ನನ್ನು ಅಂಗಳಕ್ಕೆ ಅಟ್ಟಿದರು. ಬೈಕೆ ಎದ್ದು ನಿಂತರು. ಎಂಬತ್ತರ ಹತ್ತಿರದ ಹೆಂಗಸಿಗೆ ಯಾರು ಬೇಡ ಅಂತಾರೆ? ಅಪಾ ಮೂಲೆ ಮೂಲೆಗೂ ಬಾಣಲೆ ಹಿಡಿದು, "ಅಲಾಸ್, ಅಲಾಸ್, ಎಲ್ಲಾ ಕೇಡೂ ತೊಲಗು" ಅನ್ನುತ್ತಾ ತಿರುಗಿದರು. ಆಮೇಲೆ ಇನ್ನೊಂದು ಹಿಡಿ ಸೊಪ್ಪು. ಮತ್ತೊಂದು ಹಿಡಿ.

ಅಂಗಳದಿಂದಲೇ ಕೇಳಿಸಿತು, ಬೈಕೆಯ ಕೆಮ್ಮು. "ಸಾಕು ಅಪಾ! ಕಣ್ಣು ಕಾಣಿಸ್ತಿಲ್ಲ!"

"ಕಿಟಕಿ ತೆಗಿ ಮಗನೇ, ಹೋಗುತ್ತೆ."

ಪರಪರ ಅಂತ ಕಾಗದ ಹರಿದ ಸದ್ದು. ಒಂದು. ಎರಡು. ಮೂರು!

ಹೊರಗೆ ಬಂದ ಅಪಾ ನನ್ನ ಕಡೆ ನೋಡಲೂ ಇಲ್ಲ. ಬಾಣಲೆ ಹಿಮಕ್ಕೆ ಕೊಡವಿದರು. "ಕೊನೇ ಹಿಡಿ ಬೇಕಿರಲಿಲ್ಲ," ಅಂದರು. "ಆದ್ರೂ ಹಾಕ್ದೆ."

ಡಿಸೆಂಬರ್ 5

ಒಂದು ಹದಕ್ಕೆ ಬಂದಿದೆ. ಕಿಟಕಿ ತೆರೆದಾಗ ಇಬ್ಬರೂ ಕೋಟು ಹೊದ್ದು ಕೂರುತ್ತೇವೆ. ಬೈಕೆ ರೇಡಿಯೋದಲ್ಲಿ ಅಂಕಿ ತೆಗೆದುಕೊಳ್ಳುತ್ತಾರೆ, ಎರಡೆರಡು ಸಲ ಕೇಳಿ. ತಪ್ಪಿಲ್ಲ. ಹೊಗಳಿದೆ. ಹುಡುಗನ ಹಾಗೆ ಹಿಗ್ಗಿದರು.

ಮೇದೇರ್ ಸಂಜೆ ಫೋನಿನಲ್ಲಿ, "ಮಂತ್ರಿಗಳೇ, ರೈಸಾ ಪೆಟ್ರೋವ್ನಾ ಮೂಗು ಕಾಣಿಸಿದ್ರೂ ಸ್ಕೇಲಲ್ಲಿ ಹೊಡೀತಾರೆ. ಇದೂ ನಿಮ್ಮ ಕಾನೂನಾ?" ನನ್ನ ಕಾನೂನಲ್ಲ. ಸೇರಿಸಬಹುದಿತ್ತು.

ಡಿಸೆಂಬರ್ 9

ಮೇದೇರ್ ಕರೆ. ತಮಾಷೆ ಇಲ್ಲ. "ಅಕ್ಕಾ... ಬೆಳಿಗ್ಗೆ ಈರುಳ್ಳಿ ಹೆಚ್ಚಿದೆ. ವಾಸನೆ ಬರ್ಲಿಲ್ಲ."

"ರೈಸಾ ಪೆಟ್ರೋವ್ನಾ ಜತೆ ಊಟ ಮಾಡಿದ್ಯಾ?"

"ಇಲ್ಲ. ಒಂದಿನಾನೂ ಇಲ್ಲ. ಆಣೆ."

ರೈಸಾಗೆ ಅರವತ್ಮೂರು. ಸಕ್ಕರೆ ಕಾಯಿಲೆ. ಮೂರು ದಿನ ಅದೇ ಕೋಣೆಯಲ್ಲಿ.

ಡಿಸೆಂಬರ್ 10

ಮೇದೇರ್‌ಗೆ ಪಾಸಿಟಿವ್. ರೈಸಾ ಮನೆಯಲ್ಲಿ, ಬಾಗಿಲು ಹಾಕಿಕೊಂಡು. ನಾನು ಅವರಿಬ್ಬರ ಮುಖ ನೋಡಿ ಎಂಟು ತಿಂಗಳ ಮೇಲಾಯಿತು. ಆದರೂ ಗಂಟಲು ಮುಟ್ಟಿ ಮುಟ್ಟಿ ನೋಡಿಕೊಂಡೆ. ಕುಬಾನ್ ಥರ್ಮಾಮೀಟರ್ ದಿಂಬಿನ ಪಕ್ಕ ಇಟ್ಟ.

ಡಿಸೆಂಬರ್ 16

ಇವತ್ತು ರೈಸಾಗೆ ಎರಡನೇ ಪರೀಕ್ಷೆ. ನೆಗೆಟಿವ್. ಎರಡೂ ನೆಗೆಟಿವ್!

ಫೋನಿನಲ್ಲಿ ಅತ್ತರು. ನಂತರ ಬೈದರು — ಕಿಟಕಿಯ ಚಳಿಗಾಳಿಗೆ ಸೊಂಟ ಹಿಡಿದುಕೊಂಡಿದೆಯಂತೆ. "ಸೊಂಟಕ್ಕೆ ಎಣ್ಣೆ ಹಚ್ಚಬಹುದು ಕಣೇ. ಬೇರೆಯದಕ್ಕೆ ಏನು ಹಚ್ಚೋದು?" ಮೇದೇರ್‌ಗೂ ಜ್ವರ ಇಳಿದಿದೆ.

ಒಂದು ಕೋಣೆ. ಒಬ್ಬ ರೋಗಿ. ಅಲ್ಲಿಗೇ ನಿಂತಿತು. ಅದೃಷ್ಟವೂ ಇರಬಹುದು. ಇರಲಿ. ಇವತ್ತು ನನಗೆ ನನ್ನ ಮೇಲೇ ಹೆಮ್ಮೆ. ಬರೆದಿಡುತ್ತೇನೆ, ಯಾರೂ ಓದುವುದಿಲ್ಲವಲ್ಲ.

ಡಿಸೆಂಬರ್ 28, ಸೋಮವಾರ

ಹನ್ನೆರಡು ದಿನ ಬರೆಯಲು ಪುರಸೊತ್ತಿಲ್ಲ. ಮೇದೇರ್‌ಗೆ ಇನ್ನೂ ಸುಸ್ತು, ಅವನ ದಿನಗಳೂ ನನ್ನವೇ. ರೈಸಾ ಪೂರ್ತಿ ಮೂರು ವಾರ ಮನೆಯಲ್ಲೇ ಇರಲಿ ಅಂದಿದ್ದಾರೆ ಬೈಕೆ. ಘಾಟಿಗೆ ನಾನು ಮತ್ತು ಅವರು, ಇಬ್ಬರೇ.

ಶನಿವಾರದಿಂದ ಹಿಮ. ಇವತ್ತು ಬೆಳಿಗ್ಗೆ ಹನ್ನೊಂದನೇ ಇಳಿಜಾರಿನಲ್ಲಿ ಹೊಸ ಹಿಮ 68. ಗಾಳಿ ಪಶ್ಚಿಮದಿಂದ. ಬೀರು ತೆಗೆದು 2012 ನೋಡಿದೆ. ಇದೇ ಗಾಳಿ, ಇದೇ ಹಿಮ. ಆವತ್ತು ಮಧ್ಯಾಹ್ನ ಕುಸಿದಿತ್ತು.

"ರಸ್ತೆ ಮುಚ್ಚಿಸಿ ಬೈಕೆ. ಈಗಲೇ."

ರಸ್ತೆ ಇಲಾಖೆಯವನ ಕೂಗು ಸ್ಪೀಕರಿನಲ್ಲಿ ಕೋಣೆಯೆಲ್ಲ. "ಹೊಸ ವರ್ಷಕ್ಕೆ ಮೂರೇ ದಿನ! ಕಿತ್ತಳೆ ಲಾರಿ ನಲವತ್ತು ನಿಂತಿವೆ! ಆಕಾಶ ತಿಳಿಯಾಗ್ತಿದೆ! ಯಾರು ಹೇಳಿದ್ದು ಮುಚ್ಚು ಅಂತ? ಆ ಬಸುರಿ ಹೆಂಗಸಾ? ಭಯ ಬಿದ್ದಿದ್ದಾಳೆ ಬಿಡ್ರೀ!"

ಬೈಕೆ ನನ್ನ ಕಡೆ ನೋಡಿದರು. ನಾನು 2012ರ ಪುಟ ಎತ್ತಿ ಹಿಡಿದೆ.

"ಹೇಳಿದ್ದು ನಮ್ಮ ಮುನ್ಸೂಚಕಿ," ಅಂದರು ಬೈಕೆ. "ಅವಳ ಸಹಿ ಕೆಳಗೆ ನನ್ನ ಸಹಿ ಇದೆ. ಗೇಟ್ ಹಾಕು."

10:20ಕ್ಕೆ ಗೇಟ್ ಬಿತ್ತು. ಹನ್ನೊಂದಾಯಿತು. ಹನ್ನೆರಡಾಯಿತು. ಬಿಸಿಲು ಬಂತು. ರಸ್ತೆ ಇಲಾಖೆಯವನು ನಾಲ್ಕು ಸಲ ಫೋನ್ ಮಾಡಿದ. ಬೈಕೆ ನಾಲ್ಕು ಸಲವೂ "ಇಲ್ಲ" ಅಂದರು. ಐದನೇ ಸಲ ಎತ್ತಲೇ ಇಲ್ಲ.

12:50. ಮೇಲಿನ ಠಾಣೆಯ ಕಾವಲುಗಾರನ ದನಿ ರೇಡಿಯೋದಲ್ಲಿ. "ಹನ್ನೊಂದು ಇಳೀತು. ರಸ್ತೆ ಕಾಣಿಸ್ತಿಲ್ಲ. ಇನ್ನೂರು ಮೀಟರ್ ಮುಚ್ಚಿದೆ. ರಸ್ತೆ ಮೇಲೆ ಯಾರೂ ಇಲ್ಲ. ಮತ್ತೆ ಹೇಳ್ತೀನಿ — ಯಾರೂ ಇಲ್ಲ."

ಬೈಕೆ ಹೆಡ್‌ಫೋನ್ ತೆಗೆದಿಟ್ಟರು. ಎದ್ದು ಗೋಡೆ ಕಡೆ ತಿರುಗಿ ನಿಂತರು.

ಹೊಟ್ಟೆಯೊಳಗಿನದು ಮಾತ್ರ ನಿದ್ದೆ. ಇಷ್ಟೆಲ್ಲ ಆದರೂ ಒಂದು ಒದೆತವಿಲ್ಲ!

ಜನವರಿ 8, 2021

ಹೆರಿಗೆ ರಜೆಗೆ ಮುಂಚಿನ ಕೊನೇ ದಿನ. ಮೇದೇರ್ ವಾಪಸ್. ಬಾಗಿಲಾಚೆ ನಿಂತು ಬೀಗದ ಕೈ ತೆಗೆದುಕೊಂಡ, ಎರಡು ಮೀಟರ್ ದೂರ ತಾನೇ ಹೆಜ್ಜೆ ಹಾಕಿ ಅಳೆದು. "ಅಕ್ಕಾ," ಅಂದ. ಮಂತ್ರಿ ಅನ್ನಲಿಲ್ಲ. "ರೈಸಾ ಪೆಟ್ರೋವ್ನಾಗೆ ಏನಾದ್ರೂ ಆಗಿದ್ರೆ ನಾನು..." ಬೀಗದ ಕೈ ಜೇಬಿಗೆ ಹಾಕಿಕೊಂಡ.

ಬೈಕೆ ನನ್ನ ಎರಡು ಪುಟಗಳನ್ನು ಟೈಪ್ ಮಾಡಿಸಿ ಎಲ್ಲಾ ಘಾಟಿ ಕಚೇರಿಗಳಿಗೂ ಕಳಿಸಿದ್ದಾರೆ. ಕೆಳಗೆ ನನ್ನ ಹೆಸರು. ಅಪಾ ಒಂದು ಪ್ರತಿ ಕೇಳಿದರು. ಕನ್ನಡಕವಿಲ್ಲದೆ ಓದಲಾರರು, ನನ್ನ ಹೆಸರಿನ ಮೇಲೆ ಬೆರಳಿಟ್ಟು, "ಇದೇ ತಾನೇ?" ಅಂದರು. ಅಕ್ಕಪಕ್ಕದ ಮೂರು ಮನೆಗೆ ಅದನ್ನು ಆಗಲೇ ತೋರಿಸಿ ಬಂದಿದ್ದಾರೆ, ಬೇಲಿ ಆಚೆಯಿಂದ.

ಜನವರಿ 12, ಬೆಳಿಗ್ಗೆ 10

ಮೂವತ್ತನೇ ವಾರ. ಎಲ್ಲ ಸರಿ.

ಗೊತ್ತಿಲ್ಲದ ನಂಬರು. ದಕ್ಷಿಣದ ಯಾವುದೋ ಘಾಟಿ ಕಚೇರಿಯ ರೇಡಿಯೋ ಹುಡುಗಿ, ಹೆಸರು ಐಝಾತ್. ದನಿ ಸಣ್ಣದು. "ನೀವೇನಾ ಆ ಪೇಪರ್ ಬರೆದವರು? ನಂಗೆ ಐದನೇ ತಿಂಗಳು. ಪೇಪರ್ ಕೊಟ್ರೆ ನಮ್ಮ ಸಾಹೇಬ್ರು ನಗ್ತಾರೆ. ಏನ್ ಹೇಳ್ಲಿ ಅಕ್ಕಾ?"

ನಗಲಿ ಬಿಡು, ಮೊದಲು ಎಲ್ಲರೂ ನಗುತ್ತಾರೆ ಅಂದೆ. ಲೈನ್ ಕಡಿಯಿತು. ಅವಳ ಕೋಣೆ ಎಷ್ಟು ಉದ್ದ, ಎಷ್ಟು ಅಗಲ, ಕೇಳಲೇ ಇಲ್ಲ. ಎಷ್ಟು ಜನ ಕೂರುತ್ತಾರೋ, ಜೀಪು ಇದೆಯೋ...

ಮತ್ತೆ ರಿಂಗಾಗುತ್ತಿದೆ. ಅವಳೇ. ಪೆನ್ನು ಕೈಯಲ್ಲೇ ಇದೆ, ಮೊದಲು ಅವಳಿಂದ ಕೋಣೆ ಅಳೆಸಬೇಕು —