ಕಡಿತವಲ್ಲ, ಕೂಡಿಕೆ

ಬೆಲಿ ಬ್ರೋದ್
ಫೆಬ್ರವರಿ ೧೯

ಮುದ್ದು ಜೋರ್ನಿತ್ಸಾ,

ನಿನ್ನ ಕೆಮ್ಮು ಬಿಟ್ಟಿತೇ? ಸೋಫಿಯಾದ ಹೊಗೆಯಲ್ಲಿ ಅದು ಬೇಗ ಬಿಡುವುದಿಲ್ಲ. ನಾನು ಕಳಿಸಿದ ಲಿಂಡನ್ ಹೂವನ್ನು ಕುದಿಸಿ, ಜೇನು ಹಾಕಿ ಕುಡಿ, ಡಬ್ಬದಲ್ಲಿಟ್ಟು ಮರೆಯಬೇಡ. ನನ್ನ ಮಂಡಿ ಹೇಗೋ ನಡೆಸುತ್ತಿದೆ. ನಿನ್ನ ತಂಗಿ ಕಲಿನಾಗೆ ಹೆಣ್ಣುಮಗು ಹುಟ್ಟಿದೆ. ಹುಟ್ಟಿದ ಬಗೆಯನ್ನು ಫೋನಿನಲ್ಲಿ ಹೇಳಹೊರಟರೆ ಕೂಗಾಡಿಬಿಡುತ್ತೇನೆ, ಅದಕ್ಕೇ ಈ ಕಾಗದ.

ನಿಮ್ಮ ಸಚಿವರು ಶರತ್ಕಾಲದಲ್ಲಿ ಇಲ್ಲಿಗೆ ಬಂದು, ಆಸ್ಪತ್ರೆಯ ವಿಚಾರವಾಗಿ "ಇದು ಕಡಿತವಲ್ಲ, ಕೂಡಿಕೆ! ವಿದಾಯವಲ್ಲ, ವಿಸ್ತಾರ!" ಎಂದಾಗ ಊರೆಲ್ಲ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನು. ಭಾಷಣ ಬರೆದವಳು ನನ್ನ ಮಗಳಲ್ಲವೇ! ಪಕ್ಕದ ಮನೆಯ ಪೆನಾ, "ನಿನ್ ಮಗಳ ಮಾತು ಕೇಳೋಕೆ ಎಷ್ಟು ಚಂದ ಕಣೇ! ಅದ್ಸರಿ, ಇವ್ರು ಮಾಡೋದೇನಂತೆ?" ಎಂದಳು. ಹೊಟ್ಟೆಕಿಚ್ಚು ಅಂದುಕೊಂಡೆ. ಕಲಿನಾಳನ್ನು ತಪಾಸಣೆಗೆ ಕರೆದೊಯ್ದಾಗ ನರ್ಸುಗಳೂ "ಮರುಹೊಂದಾಣಿಕೆ" ಅನ್ನುತ್ತಿದ್ದರು. ಹೊಸ ಮಂಚ ಬರುತ್ತದೇನೋ ಎಂದು ನಾವು ಸುಮ್ಮನಿದ್ದೆವು.

ಮಂಗಳವಾರ ಬೆಳಿಗ್ಗೆ ಕಲಿನಾಗೆ ನೋವು ಬಂತು. ಅಳಿಯ ಯಾವೊರ್ ಕಾರು ತೆಗೆದ. ಹೋಗಿ ನೋಡಿದರೆ ಹೆರಿಗೆ ವಾರ್ಡಿಗೆ ಬೀಗ, ಅದರ ಮೇಲೊಂದು ಚೀಟಿ: "ಪ್ರಸೂತಿ ಆರೈಕೆಯನ್ನು ಪ್ರಾದೇಶಿಕ ಮಟ್ಟದಲ್ಲಿ ಮರುಹೊಂದಿಸಲಾಗಿದೆ." ಕಾವಲುಗಾರ, "ಮುಚ್ಚಿದ್ದಾರೆ ಕಣಮ್ಮಾ, ನಿನ್ನೆಯಿಂದ. ಗುಡ್ಡದಾಚೆ ಹೋಗ್ಬೇಕು" ಎಂದ. ಗುಡ್ಡದ ದಾರಿಯಲ್ಲಿ ಹಿಮಕ್ಕೆ ಜಾರಿದ ಲಾರಿಯೊಂದು ಅಡ್ಡ ನಿಂತಿತ್ತು. ಹಿಂದಿನ ಸೀಟಿನಲ್ಲಿ, ನನ್ನ ಕೋಟಿನ ಮೇಲೆ ಮಗು ಹುಟ್ಟಿತು. ಮೈಯೆಲ್ಲ ನೀಲಿ, ಅಳುವೇ ಇಲ್ಲ. ಯಾವೊರ್ "ಏನಾದ್ರೂ ಮಾಡಿ ಅತ್ತೆ, ಏನಾದ್ರೂ ಮಾಡಿ" ಎಂದು ಗೋಗರೆಯುತ್ತಿದ್ದ. ಬೆನ್ನು ತಿಕ್ಕಿದೆ, ಬಾಯಿಗೆ ಉಸಿರೂದಿದೆ. ಕೊನೆಗೆ ಬೆಕ್ಕಿನ ಮರಿಯಂತೆ ಒಂದು ಸದ್ದು. ಲಾರಿ ಸರಿಸಿದ ಮೇಲೆ ಗುಡ್ಡದಾಚೆಯ ಆಸ್ಪತ್ರೆ ಸೇರಿದೆವು. ಅಲ್ಲಿ ಮಗುವನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯಿಂದ ಇವತ್ತಷ್ಟೇ ಹೊರಗೆ ತೆಗೆದರು. ಬದುಕುತ್ತಾಳೆ.

"ಮುಚ್ಚುತ್ತೇವೆ" ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ಜಗಳವಾಡುತ್ತಿದ್ದೆವು, ಬಹುಶಃ ಸೋಲುತ್ತಿದ್ದೆವು. ಆದರೆ ಕಲಿನಾಳನ್ನು ಒಂದು ವಾರ ಮೊದಲೇ ಗುಡ್ಡದಾಚೆ ನಿಮ್ಮ ಸೋದರತ್ತೆಯ ಮನೆಯಲ್ಲಿ ಬಿಟ್ಟು ಬರುತ್ತಿದ್ದೆವು. ನಮಗೆ ಅಷ್ಟೇ ಬೇಕಿತ್ತು, ಮಗಳೇ.

ಬೆಚ್ಚಗಿರು. ಸಿಟ್ಟು ಎಷ್ಟಿದ್ದರೂ ನಿನಗೆ ಒಳ್ಳೆಯದಾಗಲಿ ಅಂತಲೇ ಬಾಯಿಗೆ ಬರುತ್ತದೆ.

ನಿನ್ನ ಅಮ್ಮ,
ವೆಸ್ಕಾ

ವಿ.ಸೂ.: ಕಲಿನಾ ಈಗಷ್ಟೇ ಆಸ್ಪತ್ರೆಯಿಂದ ಫೋನ್ ಮಾಡಿದ್ದಳು. "ಅಕ್ಕ ಸಚಿವರ ಹತ್ರಾನೇ ಇದ್ದಾಳಲ್ಲ, ಅವಳಿಗೆ ಮೊದ್ಲೇ ಗೊತ್ತಿತ್ತೇನಮ್ಮ?" ಅಂತ ಕೇಳಿದಳು. "ಅವಳಿಗೆ ಕೆಲಸದ ಒತ್ತಡ ಕಣೇ" ಅಂದುಬಿಟ್ಟೆ. ಆಮೇಲೆ ನನ್ನ ಬಾಯಿಗೆ ನಾನೇ ಹೇಸಿದೆ. ಇನ್ನೊಮ್ಮೆ ಕೇಳಿದರೆ ಹಾಗೆ ಹೇಳಲಾರೆ. ಶನಿವಾರದ ಬಸ್ಸಿಗೆ ಬಾ. ಗೊತ್ತಿತ್ತು ಅಂತಾದರೆ ಗೊತ್ತಿತ್ತು ಅಂತಲೇ, ಅವಳ ಮುಖ ನೋಡಿಕೊಂಡು ನೀನೇ ಹೇಳು.